ಕೈ ಒಡ್ಡಿದ್ರ ತಲಿ ಮುಟ್ತಾರ

ಊರ ಮಂದಿ ಕೂಸುಗಳ್ನ ಸುಮ್ಮ ಕುಂಡ್ರಸೂದು ನನ್ನ ನೌಕರಿ. ಅಂಗನವಾಡಿ ಟೀಚರ್ ನಾನು. ಅಳೂ ಕೂಸು, ಕಚ್ಚೂ ಕೂಸು, ಚಡ್ಡಿ ಬಿಚ್ಚಿ ಓಡೂ ಕೂಸು, ಎಲ್ಲಾನೂ ಒಂದ ಕೋಣ್ಯಾಗ ಕೂಡಿಸಿ, ಹಾಡು ಹೇಳಿಸಿ, ಹೊಟ್ಟಿ ತುಂಬಿಸಿ, ಮಲಗಿಸಿ ಕಳಸ್ತೇನಿ. ಮ್ಯಾಲಿನ ಸಾಹೇಬ್ರು ಬಂದು ನೋಡಿ "ಅಗದಿ ಶಿಸ್ತು ಐತ್ರಿ ನಿಮ್ಮಲ್ಲೆ" ಅಂತ ಹೊಗಳಿ ಹೋಗ್ಯಾರ. ಆದ್ರ ರವಿವಾರ ಪೂಜ್ಯಾಗ ನನ್ನ ಸ್ವಂತ ಮಗಳನ್ನ ಒಂದ ತಾಸು ಸುಮ್ಮ ಕುಂಡ್ರಸೂದು ನನ್ನಿಂದ ಆಗಲಿಲ್ಲ.

ಮಿಶ್ರಿಕೋಟಿಯಿಂದ ಕಲಘಟಗಿ ಕಡೆ ಹೋಗೂ ದಾರ್ಯಾಗ ಒಳಗ ನಮ್ಮೂರು. ಊರ ತುಂಬ ಲಿಂಗಾಯತರ ಮನಿ. ನಮ್ಮಂಥಾ ಕ್ರೈಸ್ತರ ಮನಿ ಬೆರಳ ಮ್ಯಾಲ ಎಣಿಸೂವಷ್ಟು. ಚರ್ಚು ಬಾಜೂ ಊರಾಗ. ನಮ್ಮನಿಯವರು ಟಂಟಂ ಓಡಸ್ತಾರ; ವಾರೆಲ್ಲಾ ಅದರಾಗ ಸಂತಿ ಮಂದಿ, ರವಿವಾರ ಒಂದಿನ ನಾವು. ನಾನು, ಇವರು, ನಮ್ಮ ಅತ್ತಿ, ಆಗ ಐದು ವರ್ಷದಾಕಿ ಮಗಳು. ಇಸ್ತ್ರಿ ಮಾಡಿದ ಫ್ರಾಕು ಚರ್ಚು ಮುಟ್ಟೂದ್ರಾಗ ಹಿಂಡಿದ ಅರಿವಿ ಆಗಿರ್ತಿತ್ತು.

ನಮ್ಮ ಚರ್ಚಿನ್ಯಾಗ ಕುರ್ಚಿ ಇಲ್ಲ, ಜಮಖಾನಿ. ಗಂಡಸರು ಒಂದ ಬಾಜೂ, ಹೆಂಗಸರು ಒಂದ ಬಾಜೂ, ನಡುವ ದಾರಿ. ಕೂಸಿದ್ದವರು ಬಾಗಲ ಹತ್ರ. ಹಿಂಗಂತ ಯಾರೂ ಹೇಳಿಲ್ಲ, ಆದ್ರೂ ಎಲ್ಲಾರ್ಗೂ ಗೊತ್ತು. ನನ್ನ ಮಗಳು ಆ ದಾರ್ಯಾಗ ನನ್ನ ಕಡಿಂದ ಅವರಪ್ಪನ ಕಡೆ, ಅವರಪ್ಪನ ಕಡಿಂದ ನನ್ನ ಕಡೆ ಟಂಟಂ ಓಡಿಸಿದಂಗ ಓಡ್ತಿದ್ಲು. ಆಮ್ಯಾಲ ನಮ್ಮನಿಯವರು ಅಕಿನ್ನ ಎತ್ಕೊಂಡು, ಮಾರಿ ಮ್ಯಾಲ ಭಾಳ ಕಷ್ಟ ತೋರಿಸಿ, ಹೊರಗ ಹುಣಸಿ ಗಿಡದ ಕೆಳಗ ಹೋಗ್ತಿದ್ರು. ಅಲ್ಲೆ ಇನ್ನೂ ಮೂರ್ನಾಕು ಮಂದಿ ಅಪ್ಪಂದಿರು ಇಂಥಾದ ಕಷ್ಟದಾಗ ಎಲಿ ಅಡಿಕಿ ಹಾಕ್ಕೋತ ನಿಂತಿರ್ತಿದ್ರು. ಒಂದೊಂದ ರವಿವಾರ ಮಗಳು ತಾನಾಗೇ ಶಾಂತ ಕುಂತಾಗ, ಇವರು ಅತ್ಲಾಕಡಿಂದ ಅಕಿಗೆ ಕಣ್ಣು ಹೊಡೆದು ಕರೀತಿದ್ದದ್ದನ್ನ ನಾನ ನೋಡೇನಿ.

ಹಿಂಗ ನಡದಿತ್ತು. ಅಷ್ಟೊತ್ತಿಗೆ ಹೊಸಾ ಫಾದರ್ ಬಂದ್ರು. ಕರಾವಳಿ ಕಡೆಯವರು, ಸಣ್ಣ ವಯಸ್ಸು, ಪುಸ್ತಕದಾಗಿನ ಕನ್ನಡ. ಬಂದ ಹೊಸದಾಗೇ ಪೂಜಿ ನಡುವಿನ ಬೋಧನ್ಯಾಗ ಹೇಳಿದ್ರು: "ಮಕ್ಕಳನ್ನು ಹಿಂದೆ ಕೂರಿಸಿದರೆ ಅವರಿಗೆ ಕಾಣುವುದು ನಿಮ್ಮ ಬೆನ್ನು. ಬೆನ್ನನ್ನು ನೋಡಿ ಯಾವ ಮಗು ಪ್ರಾರ್ಥನೆ ಕಲಿಯುತ್ತದೆ? ಮುಂದೆ ಕೂರಿಸಿ. ಇಡೀ ಕುಟುಂಬ ಒಟ್ಟಾಗಿ ಕುಳಿತುಕೊಳ್ಳಿ."

ಮಾತೇನೋ ಬಂಗಾರದಂಥಾದ್ದು. ಹೆಂಡ್ತಿ ಮಕ್ಕಳಿಲ್ಲದವರ ಬಾಯಾಗ ಇಂಥಾ ಮಾತು ಭಾಳ ಚಂದ ಬರ್ತಾವ. ನಮ್ಮ ಅತ್ತಿ ಮನಿ ಮುಟ್ಟೂತನಕಾ ಟಂಟಂದಾಗ ವಟವಟ ಅಂದ್ರು. "ಎಲ್ಲಾರ ಎದುರ ಗಂಡನ ಬಾಜೂ ಹತ್ತಿ ಕುಂಡ್ರಾಕ ಅದೇನ ಪೂಜೇನೋ ಲಗ್ನೋ? ನಾ ಮದಿವ್ಯಾಗೂ ಹಂಗ ಕುಂತಿಲ್ಲ." ನಮ್ಮನಿಯವರಿಗೆ ಹುಣಸಿ ಗಿಡದ ಚಿಂತಿ.

ಕಡೀಕ ಒಂದ ಹೊಂದಾಣಿಕಿ ಆತು. ಎಲ್ಲಾರ್ಕಿಂತ ಮುಂದ, ನಡುವಿನ ದಾರಿ ಅಂಚಿಗೆ ಈ ಕಡೆ ನಾನು, ಆ ಕಡೆ ಇವರು, ದಾರಿ ಮ್ಯಾಲ ಮಗಳು. ಕುಟುಂಬ ಒಟ್ಟಾತು, ನಾಚಿಕಿನೂ ಉಳೀತು.

ಫಾದರ್ ಹೇಳಿದ್ದು ಖರೇನ ಇತ್ರಿ. ಮುಂದ ಕುಂತ ಕೂಡ್ಲೇ ಮಗಳು ಓಡೂದು ಬಿಟ್ಲು. ಮೇಣಬತ್ತಿ ಹಚ್ಚೂದು, ಗಂಟಿ ಬಾರಿಸೂದು, ಫಾದರ್ ರೊಟ್ಟಿ ಎತ್ತಿ ಹಿಡಿಯೂದು, ಎಲ್ಲಾ ಕಣ್ಣು ಬಿಟ್ಟು ನೋಡಿದ್ಲು. ನನಗ ಸಂತೋಷಕ್ಕ ಎದಿ ಉಬ್ಬಿತು. ಹಿಂದ ಕುಂತವರು ನೋಡಲಿ ಅಂತ ತುಸು ಬೆನ್ನು ನೆಟ್ಟಗ ಮಾಡ್ಕೊಂಡೇ ಕುಂತೆ. ಆಮ್ಯಾಲ ಮಂದಿ ಎದ್ದು ಸಾಲು ಹಚ್ಚಿದ್ರು. "ಅವ್ವಾ, ಏನ ಹಂಚಾಕತ್ತಾರ?" ಅಂದ್ಲು.

"ಪ್ರಸಾದ" ಅಂದೆ.

ಪ್ರಸಾದ ಅಂದ್ರ ನಮ್ಮೂರ ಕೂಸುಗಳಿಗೆ ಬ್ಯಾರೆ ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮನ್ಯಾಗ ಏನ ಪೂಜಿ ಇದ್ರೂ ಸಕ್ರಿ, ಬಾಳಿಹಣ್ಣು, ಕೊಬ್ರಿ ಮೊದಲ ಸಣ್ಣ ಕೈಗೆ, ಆಮ್ಯಾಲ ದೊಡ್ಡ ಕೈಗೆ. ಮಗಳು ಎದ್ದು ನನ್ನ ಮುಂದ ನಿಂತು ಎರಡೂ ಕೈ ಕೂಡಿಸಿ ಒಡ್ಡಿದ್ಲು. ಫಾದರ್ ನಕ್ಕು, ಅಕಿ ತಲಿ ಮ್ಯಾಲ ಕೈಯಿಟ್ಟು ಆಶೀರ್ವಾದ ಮಾಡಿದ್ರು. ಅಕಿ ಅಲ್ಲಾಡಲಿಲ್ಲ. ಅಕಿ ಲೆಕ್ಕದಾಗ ಫಾದರ್ ಕೈತಪ್ಪಿ ಎಲ್ಲೋ ಇಟ್ಟಿದ್ರು. ಒಡ್ಡಿದ ಕೈ ಇನ್ನೂ ಮ್ಯಾಲ ಎತ್ತಿ, "ಇಲ್ಲ್ರಿ, ಇಲ್ಲೆ" ಅಂದ್ಲು.

"ದೊಡ್ಡವಳಾದ ಮೇಲೆ, ಮಗೂ" ಅಂದ್ರು ಫಾದರ್.

ನಾ ರಟ್ಟಿ ಹಿಡಿದು ಎಳಕೊಂಡು ಬಂದು ಕುಂತೆ. ಪರಮಪ್ರಸಾದ ಅಂದ್ರ ಆ ಪವಿತ್ರ ರೊಟ್ಟಿ ತುಣುಕು ತಗೊಂಡ ಮ್ಯಾಲ ಎಲ್ಲಾರೂ ತಲಿ ಬಗ್ಗಿಸಿ ಮೌನ ಇರೂ ಹೊತ್ತದು. ಆ ಮೌನದಾಗ ನನ್ನ ಮಗಳು ದನಿ ಎತ್ತಿದ್ಲು: "ಅವ್ವಾ! ನಿನಗ ಕೊಟ್ರು, ಅಪ್ಪಗ ಕೊಟ್ರು, ನನಗೊಬ್ಬಾಕಿಗೆ ಕೊಡಲಿಲ್ಲ!" ಯವ್ವಾ, ನೆಲ ಬಾಯಿ ಬಿಟ್ಟಿದ್ರ ಅಲ್ಲೇ ಒಳಗ ಹೋಗ್ತಿದ್ದೆ. ನಮ್ಮನಿಯವರು ಮಾತ್ರ ಲಗೂನ ಎದ್ದು, ಭಾಳ ಕಷ್ಟದ ಮಾರಿ ಮಾಡ್ಕೊಂಡು, ಅಕಿನ್ನ ಹುಣಸಿ ಗಿಡಕ್ಕ ಕರಕೊಂಡ ಹೋದ್ರು.

ಮುಂದಿನ ರವಿವಾರ ಮತ್ತ ಕೈ ಒಡ್ಡಿದ್ಲು. ಮತ್ತ ತಲಿ ಮುಟ್ಟಿದ್ರು. ಅದರ ಮುಂದಿನ ರವಿವಾರನೂ ಅಷ್ಟ. ಆಮ್ಯಾಲ ಸುದ್ದಿ ಆಯಿ ಕಿವಿಗೆ ಬಿತ್ತು.

ಆಯಿ ಅಂದ್ರ ನಮ್ಮ ಬಾಜೂ ಮನಿ ಅಜ್ಜಿ. ನಮ್ಮ ಸಂಬಂಧ ಅಲ್ಲ, ಲಿಂಗಾಯತರ ಪೈಕಿ. ಕೊರಳಾಗ ಲಿಂಗಾ, ಹಣಿ ಮ್ಯಾಲ ವಿಭೂತಿ, ಬಾಯಾಗ ಬೈಗಳ. ಮಗಾ ಸೊಸಿ ಮುಂಜಾನೆ ಹೊಲಕ್ಕ ಹೋದ್ರ ಮನಿಗೆ ಅಕಿನ ಯಜಮಾನಿ. ಮನ್ಯಾಗ ಅತ್ತಿ ಇದ್ರೂ, ಶಾಲಿ ಬಿಟ್ಟ ಮ್ಯಾಲ ನಾ ಅಂಗನವಾಡಿ ಮುಗಿಸಿ ಬರೂತನಕಾ ಮಗಳು ಇರೂದು ಅಕಿ ಕಟ್ಟಿ ಮ್ಯಾಲ. ಎಷ್ಟೋ ಸಲ ನಾ ತಡಾ ಮಾಡಿ ಬಂದಾಗ ಮಗಳು ಜ್ವಾಳದ ರೊಟ್ಟಿ, ಬ್ಯಾಳಿ ಪಲ್ಯ ತಿನಕೋತ ಕುಂತಿರ್ತಿದ್ಲು. "ಆಯಿ, ನಿಮ್ಮ ಊಟ ಆತೇನ್ರಿ?" ಅಂದ್ರ ಒಂದ ಉತ್ತರ: "ನಂದಾಗೇತಿ." ಒಂದಿನ ನಳದ ಹತ್ರ ಅಕಿ ಸೊಸಿ ನನಗ ಹೇಳಿದ್ಲು: "ಏನ ಆಗಿರ್ತೈತ್ರಿ? ಅವರಿಗಂತ ಮುಚ್ಚಿಟ್ಟ ರೊಟ್ಟಿನ ನಿಮ್ಮ ಮಗಳಿಗೆ ಹಾಕಿರ್ತಾರ." ನಮ್ಮ ಕಡೆ ಹೆಣ್ಣಮಕ್ಕಳು ನಂದಾಗೇತಿ ಅಂದ್ರ ಒಂದೂ ನಂಬಬಾರ್ದು. ನಮ್ಮವ್ವನೂ ಹಂಗ ಅಂತಿದ್ಲು, ನಾನೂ ಅಂತೇನಿ.

ಆವತ್ತ ನಾ ಮಗಳನ್ನ ಕರಿಯಾಕ ಹೋದ್ರ ಆಯಿ ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತಿದ್ಲು.

"ಏನ್ ಬೇ, ಕೂಸಿನ್ನ ಎದುರಿಗೆ ನಿಲ್ಲಿಸ್ಕೊಂಡು ನೀವೆಲ್ಲಾ ತಿಂದ್ರೆಂತ? ಖರೇ ಏನು?"

"ಹಂಗಲ್ರಿ ಆಯಿ. ನಮ್ಮಲ್ಲೆ ಅದನ್ನ ತಿಳಿವಳಿಕಿ ಬಂದ ಮ್ಯಾಲ ಕೊಡ್ತಾರ."

"ತಿಳಿವಳಿಕಿ ಬಂದ ಮ್ಯಾಲೋ? ಮತ್ತ ನಿನ್ನ ಗಂಡಗ ಹೆಂಗ ಕೊಟ್ರು?"

ನಾ ಮಗಳ ಕೈ ಹಿಡಿಯಾಕ ಹೋದೆ. ಆಯಿ ಬಿಡಲಿಲ್ಲ. "ನಮ್ಮಲ್ಲೆ ಕೂಸು ಹುಟ್ಟಿದ ಕೂಡ್ಲೇ ಲಿಂಗಾ ಕಟ್ತೀವಿ. ಇದಕ್ಕ ತಿಳೀಲಿ ಅಂತ ಯಾರ ಕಾಯ್ತಾರ? ಎದುರಿಗೆ ಕೂಸು ನಿಂತಾಗ ಅದಕ್ಕ ಕೊಡದ ಬಾಯಾಗ ಹಾಕ್ಕೋಬಾರ್ದು. ದೇವರ ಮನ್ಯಾಗರ ಅಷ್ಟ ಮಾಡ್ರಿ." ಮಗಳು ಆಯಿ ಸೀರಿ ಹಿಡ್ಕೊಂಡು, ಕೋರ್ಟಿನ್ಯಾಗ ಕೇಸು ಗೆದ್ದವರಂಗ ನನ್ನ ನೋಡಾಕತ್ತಿದ್ಲು.

ಆ ರವಿವಾರ ಮಗಳು ಫ್ರಾಕು ಬಿಚ್ಚಿ ಒಗದು ಮಂಚದ ಕೆಳಗ ಹೊಕ್ಕಳು. "ನಾ ಬರಂಗಿಲ್ಲ. ಅಲ್ಲೆ ಕೈ ಒಡ್ಡಿದ್ರ ತಲಿ ಮುಟ್ತಾರ."

ಚಾಕಲೇಟ್ ತೋರಿಸಿದೆ, ಬೈದೆ, ಎರಡೇಟು ಹಾಕ್ತೀನಿ ಅಂದೆ. ಅಂಗನವಾಡ್ಯಾಗ ನಡಿಯೂ ವಿದ್ಯಾ ಒಂದೂ ನಡೀಲಿಲ್ಲ. "ಹೋಗಲಿ ಬಿಡು, ನಾ ಅಕಿನ್ನ ನೋಡ್ಕೊಂಡು ಮನ್ಯಾಗ ಇರ್ತೀನಿ" ಅಂತ ನಮ್ಮನಿಯವರು ಭಾಳ ದೊಡ್ಡ ಮನಸ್ಸು ಮಾಡಿದ್ರು. ಅತ್ತಿ ನನ್ನ ಕಡೆ ನೋಡಿ "ನೀ ಸಲಿಗಿ ಕೊಟ್ಟಿದ್ದು" ಅಂದ್ರು. ಅತ್ತಿ ಜೋಡಿ ನಡಕೊಂಡ ಹೋಗಿ, ಅವರು ಹಿಂದ ಕುಂತ್ರು, ನಾ ಒಬ್ಬಾಕಿನ ಮುಂದ ಕುಂತೆ. ಬಾಜೂಕ ಖಾಲಿ ಜಮಖಾನಿ. ನನಗ ಸಿಟ್ಟಿಗಿಂತ ಹೆದರಿಕಿನ ಹೆಚ್ಚಾತು. ಇವತ್ತ ಹಟ, ನಾಳೆ ರೂಢಿ. ದೇವರ ಮನಿ ಅಂದ್ರ ತನಗ ಪಾಲಿಲ್ಲದ ಮನಿ ಅಂತ ಒಮ್ಮೆ ಅಕಿ ಎದ್ಯಾಗ ಕುಂತ್ರ, ಅದನ್ನ ನಾ ಹೆಂಗ ತಗೀಲಿ?

ಮನಿಗೆ ಬಂದು ನೋಡಿದ್ರ ಹಿತ್ತಲದಾಗ ಪೂಜಿ ನಡದಿತ್ತು. ಮಗಳು ನನ್ನ ಬಿಳೇ ಓಢಣಿ ಹೊದ್ಕೊಂಡು, ಬಕೀಟು ಬೋರಲ ಹಾಕಿ ಪೀಠ ಮಾಡಿ, ಬಟ್ಟಲದಾಗ ಚುರಮರಿ ಹಿಡ್ಕೊಂಡು ಓಣಿ ಹುಡುಗೂರಿಗೆಲ್ಲಾ ಹಂಚಾಕತ್ತಿದ್ಲು. ಅಂಬೆಗಾಲಿನ ಕೂಸಿಗೂ ಒಂದ ಕಾಳು, ಆಯಿ ಸಾಕಿದ ಆಡಿಗೂ ಒಂದ ಮುಷ್ಟಿ. ಅಕಿ ಪೂಜ್ಯಾಗ ಯಾರಿಗೂ ಇಲ್ಲ ಅನ್ನೂದಿಲ್ಲ. "ಅಯ್ಯ ದೇವರೇ, ಪಾಪ! ಪಾಪ!" ಅನಕೋತ ನಮ್ಮ ಅತ್ತಿ ಕೋಲು ಹುಡುಕ್ಕೋತ ಬಂದ್ರು. ಮಗಳು ಹೆದರದ ಅವರ ಕೈಯಾಗ ಒಂದ ಚುರಮರಿ ಕಾಳು ಇಟ್ಲು. ಚರ್ಚಿನ್ಯಾಗ ಪ್ರಸಾದ ತಗೊಳ್ಳುವಾಗಿನ ರೂಢಿ ಮ್ಯಾಲ ಅತ್ತಿ "ಆಮೆನ್" ಅಂದುಬಿಟ್ರು! ನಾ ಸೆರಗು ಬಾಯಿಗೆ ಹಿಡ್ಕೊಂಡು ಒಳಗ ಓಡಿದೆ. ಆ ಮ್ಯಾಲ ಎರಡ ದಿನ ಅತ್ತಿ ನನ್ನ ಜೋಡಿ ಮಾತಾಡಲಿಲ್ಲ.

ರಾಜಿ ಮಾಡಿಸಿದಾಕಿ ಆಯಿನ. ಚರ್ಚು ಬಿಡಿಸಿದ್ದು ತಾನ ಅಂತ ಅಕಿಗೆ ತಿಳಿದಿತ್ತೋ ಏನೋ, ಶನಿವಾರ ಸಂಜೀಕ ಬಂದು ಮಗಳಿಗೆ "ನಾಳೆ ನಾನೂ ಬರ್ತೀನಿ ನಡಿ, ಹೋಗೂಣು" ಅಂದ್ಲು. ಮಗಳು ಕುಣಿದ್ಲು. ನಾ ಮೊದಲ ಹೇಳಿದೆ: "ಆಯಿ, ನಿಮಗೂ ಕೊಡಂಗಿಲ್ರಿ. ಆಮ್ಯಾಲ ಬ್ಯಾಸರಾ ಮಾಡ್ಕೋಬ್ಯಾಡ್ರಿ."

"ಕೊಡದಿದ್ರ ಬ್ಯಾಡ. ನಾ ತಿನ್ನಾಕ ಬರಾಕತ್ತಿಲ್ಲ. ಕೂಸಿನ ಜೋಡಿ ನಿಲ್ಲಾಕ ಬರಾಕತ್ತೇನಿ."

ಮುಂಜಾನೆ ಲಿಂಗಪೂಜಿ ಮುಗಿಸಿ, ಇಳಕಲ್ ಸೀರಿ ಉಟ್ಟು, ಹಣಿ ತುಂಬ ವಿಭೂತಿ ಹಚ್ಚಿಕೊಂಡು ಟಂಟಂ ಹತ್ತಿದ್ಲು. ಚರ್ಚಿನ್ಯಾಗ ಎಲ್ಲಾರೂ ತಿರುಗಿ ತಿರುಗಿ ನೋಡಿದ್ರು. ಮೊಣಕಾಲ ಬ್ಯಾನಿ ಅಂತ ಅಕಿಗೊಂದ ಕುರ್ಚಿ ತಂದು ಮುಂದ ಹಾಕಿದೆವು. ಎಲ್ಲಾರೂ ಎದ್ದಾಗ ಎದ್ಲು, ಕೈ ಮುಗಿದಾಗ ಮುಗಿದ್ಲು. ಸಾಲು ಹಚ್ಚೂ ಹೊತ್ತಿಗೆ ಮಗಳ ಕೈ ಹಿಡ್ಕೊಂಡು ನನ್ನ ಮುಂದ ನಿಂತ್ಲು.

ಫಾದರ್ ಮಗಳ ತಲಿ ಮುಟ್ಟಿದ್ರು. ಆಮ್ಯಾಲ ಕಣ್ಣೆತ್ತಿ ನೋಡಿದ್ರ ಎದುರಿಗೆ ಆಯಿ. ಎಂಬತ್ತರ ಹತ್ರದ ಮುದುಕಿ, ಹಣಿ ಮ್ಯಾಲ ಮೂರು ಬೆರಳಿನ ವಿಭೂತಿ. ಫಾದರ್ ಕೈ ಅರ್ಧ ದಾರಿ ಬಂದು ನಿಂತಿತು. ಪ್ರಸಾದ ಕೊಡೂ ಹಂಗಿಲ್ಲ, ತಮ್ಮಜ್ಜಿ ವಯಸ್ಸಿನಾಕಿ ತಲಿ ಮ್ಯಾಲ ಕೈ ಇಡಾಕ ಧೈರ್ಯ ಇಲ್ಲ. ಕಲಿತ ವಿದ್ಯಾದಾಗ ಇದು ಬಂದಿರ್ಲಿಕ್ಕಿಲ್ಲ. ಆಯಿಗೆ ಅದೇನ ಅಡಚಣಿ ಕಾಣಲಿಲ್ಲ. ನಮ್ಮ ಕಡೆ ತಲಿ ಮ್ಯಾಲ ಕೈ ಇಡೂದು ಹಿರೇರು, ತಲಿ ಬಗ್ಗಸೂದು ಕಿರೇರು. ತಾನ ಕೈ ಎತ್ತಿ, "ಬಾಗೋ ತಮ್ಮಾ, ನನಗ ನಿಲುಕಂಗಿಲ್ಲ" ಅಂದ್ಲು.

ಫಾದರ್ ಬಟ್ಟಲ ಎದಿಗೆ ಹಿಡ್ಕೊಂಡು ಬಾಗಿದ್ರು. ಆಯಿ ಅವರ ತಲಿ ಮ್ಯಾಲ ಕೈ ಇಟ್ಟು "ಚಲೋ ಆಗಲಿ ನಿನಗ" ಅಂದ್ಲು. ಹಿಂದ ನಮ್ಮ ಅತ್ತಿ ಜಪಸರ ಎಷ್ಟ ಜೋರು ತಿರುವಿದ್ರಂದ್ರ ಮಣಿ ಸಪ್ಪಳ ನನಗ ಕೇಳಿಸ್ತಿತ್ತು. ಫಾದರ್ ನೆಟ್ಟಗ ನಿಂತಾಗ ಅವರ ಕಣ್ಣು ಒದ್ದಿ ಆಗಿದ್ವು.

ಆ ಮ್ಯಾಲಿನ ಮೌನದಾಗ ಮಗಳು ಮತ್ತ ದನಿ ಎತ್ತಿದ್ಲು: "ಅವ್ವಾ! ಆಯಿಗೂ ಕೊಡಲಿಲ್ಲ!" ಎಷ್ಟ ಖುಷಿ ಅಂತೀರಿ ಆ ದನ್ಯಾಗ. ಜೋಡಿ ಒಬ್ಬರು ಸಿಕ್ರಲಾ, ಸಾಕಾತು ಅಕಿಗೆ. ಮುಂದಿನ ವಾರದಿಂದ ತಾನಾಗೇ ಟಂಟಂ ಹತ್ತಿದ್ಲು. ಒಂದ ಫರಕು ಅಂದ್ರ, ಫಾದರ್ ತಲಿ ಮುಟ್ಟಿದ ಕೂಡ್ಲೇ ತಾನೂ ಕೈ ಎತ್ತಿ ನಿಲ್ತಿದ್ಲು. ಅವರು ಬಾಗ್ತಿದ್ರು. ಪಾಪ, ಅವರಿಗೂ ರೂಢಿ ಆತು.

ಮೂರು ವರ್ಷ ಹಿಂಗ ಹೋತು. ಮಗಳಿಗೆ ಎಂಟು ಆತು, ಮೊದಲ ಪರಮಪ್ರಸಾದದ ವರ್ಷ ಬಂತು. ಸಿಸ್ಟರ್ ವಾರ ವಾರ ಕ್ಲಾಸ್ ತಗೊಂಡ್ರು. ಕೈ ಹೆಂಗ ಒಡ್ಡಬೇಕು, ಏನಂತ ಹೇಳಬೇಕು, ಎಲ್ಲಾ ಮಗಳಿಗೆ ಬಾಯಿಪಾಠ. ಒಡ್ಡಾಕಂತೂ ಅಕಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬಿಳೇ ಫ್ರಾಕು ಹೊಲಿಸಿದೆ. ಅತ್ತಿ ಹಳೇ ಕಾಲದ ಕಟ್ಟಳಿ ತಗದು ಹಿಂದಿನ ರಾತ್ರಿಯಿಂದ ಮಗಳಿಗೆ ನೀರ ಬಿಟ್ಟು ಏನೂ ಕೊಡಗೊಡಲಿಲ್ಲ. "ಈಗ ಅಷ್ಟೇನ ಬೇಕಾಗಿಲ್ರಿ, ಒಂದ ತಾಸು ಸಾಕು" ಅಂದ್ರ, "ನಿಮ್ಮ ದೇವರು ಬ್ಯಾರೆ, ನಮ್ಮ ದೇವರು ಬ್ಯಾರೇನು?" ಅಂದ್ರು.

ಆಯಿನ್ನ ಮಗಳೇ ಕರಕೊಂಡ ಬಂದ್ಲು. ಅದ ಇಳಕಲ್ ಸೀರಿ, ಅದ ಕುರ್ಚಿ. ಹುಡುಗೂರು ಸಾಲಾಗಿ ಮುಂದ, ಅವ್ವ ಅಪ್ಪ ಹಿಂದ. ನಮ್ಮನಿಯವರು ಆವತ್ತ ಹುಣಸಿ ಗಿಡದ ಕಡೆ ನೋಡಲೂ ಇಲ್ಲ. ಮಗಳ ಪಾಳಿ ಬಂತು.

"ಕ್ರಿಸ್ತರ ಶರೀರ" ಅಂತ ಫಾದರ್ ರೊಟ್ಟಿ ಎತ್ತಿ ತೋರಿಸಿದ್ರು.

"ಆಮೆನ್" ಅಂದ್ಲು. ಕೈಯಾಗ ಬಿತ್ತು. ಮೂರು ವರ್ಷದಿಂದ ಒಡ್ಡಿದ ಕೈಯಾಗ ಕಡೀಕೂ ಬಿತ್ತು. ನನಗ ಕಣ್ಣು ತುಂಬಿ ಬಂತು. ಬಾಯಾಗ ಹಾಕ್ಕೋತಾಳ ಅಂತ ನೋಡ್ತೀನಿ, ಹಾಕ್ಕೊಳ್ಳಲಿಲ್ಲ. ಹೊಳ್ಳಿ ಆಯಿ ಕಡೆ ನೋಡಿದ್ಲು.

"ಆಯಿ, ನಿನಗ?" ಅಂದ್ಲು.

ಎದುರಿಗೆ ನಿಂತವರಿಗೆ ಕೊಡದ ಬಾಯಾಗ ಹಾಕ್ಕೋಬಾರ್ದು ಅಂತ ಆಯಿ ಕಟ್ಟಿ ಮ್ಯಾಲ ಹೇಳಿದ್ದನ್ನ ಮಗಳು ಮರ್ತಿರಲಿಲ್ಲ. ಈಗೇನ ಮಾಡ್ತಾಳ? ಹೋಗಿ ಅಕಿ ಕೈಯಾಗ ಇಡ್ತಾಳೋ? ತಿನ್ನದ ಹಂಗ ನಿಂತ್ಬಿಡ್ತಾಳೋ? ಮೂರು ವರ್ಷ ಕಾಯ್ದು ಬಂದ ಹೊತ್ತು ಹಿಂಗ ಕೈಬಿಟ್ಟು ಹೋಗ್ತೈತೋ? ಫಾದರ್ ಬಾಯಿ ತೆರದ್ರು, ಪುಸ್ತಕದಾಗಿನ ಕನ್ನಡ ಒಂದೂ ಹೊರಗ ಬರಲಿಲ್ಲ. ಸಿಸ್ಟರ್ ಅತ್ಲಾಗ ಕೈಸನ್ನಿ ಮಾಡಾಕತ್ತಿದ್ರು. ಮಗಳು ಯಾರನ್ನೂ ನೋಡಲಿಲ್ಲ, ಆಯಿನ್ನ ಬಿಟ್ಟು.

ಆಯಿ ಒಮ್ಮೆ ಫಾದರ್ ಮಾರಿ ನೋಡಿದ್ಲು, ಒಮ್ಮೆ ನನ್ನ ಮಾರಿ ನೋಡಿದ್ಲು. ಆಮ್ಯಾಲ ದಿನಾ ಕಟ್ಟಿ ಮ್ಯಾಲ ಹೇಳಿದಂಗ, ಅಷ್ಟ ಸಸಾರ ಹೇಳಿದ್ಲು:

"ನಂದಾಗೇತಿ ಮಗಾ. ನೀ ತಿನ್ನು."

ಮಗಳು ಅಕಿ ಮಾರಿನ್ನ ತುಸು ಹೊತ್ತು ನೋಡಿದ್ಲು. ಆಮ್ಯಾಲ ಬಾಯಾಗ ಹಾಕ್ಕೊಂಡ್ಲು.

ಪೂಜಿ ಮುಗಿಸಿ ಬಂದ್ರ ಮನ್ಯಾಗ ಊಟಕ್ಕ ಮಂದಿ ತುಂಬಿತ್ತು. ಒಳಗ ಕೋಳಿ ಸಾರು, ಹೊರಗ ಕಟ್ಟಿ ಮ್ಯಾಲ ಆಯಿ. ನಮ್ಮ ಮನ್ಯಾಗ ಮಾಂಸದ ಅಡಗಿ ಮಾಡಿದ ದಿನ ಅಕಿ ಒಳಗ ಬರಂಗಿಲ್ಲ. ಅಕಿಗಂತ ಅಕಿ ಸೊಸಿ ಕಡಿಂದನ ಗೋದಿ ಹುಗ್ಗಿ ಮಾಡಿಸಿ ತರಿಸಿದ್ದೆ. ಮಂದೀಗೆ ನೀಡೂ ಗದ್ದಲದಾಗ ಮಗಳನ್ನ ಊಟಕ್ಕ ಕುಂಡ್ರಸೂದ ಮರ್ತಿದ್ದೆ. ನೆನಪಾಗಿ ಹುಡುಕ್ಕೋತ ಹೊರಗ ಬಂದ್ರ, ಬಿಳೇ ಫ್ರಾಕಿನ್ಯಾಗ ಆಯಿ ಎದುರ ಕುಂತು, ಹುಗ್ಗಿ ತಾಟು ಅಕಿ ಮುಂದ ಸರಿಸಾಕತ್ತಿದ್ಲು.

"ಮೊದಲ ನೀ ತಿನ್ನು ಮಗಾ" ಅಂದ್ಲು ಆಯಿ. "ನಿನ್ನಿಯಿಂದ ಉಪಾಸ ಅದಿ."

"ನಂದಾಗೇತಿ ಆಯಿ" ಅಂದ್ಲು ಮಗಳು. "ನೀ ತಿನ್ನು."

ಆಯಿ ಕೈ ಹಂಗ ನಿಂತಿತು. ನನಗ ಅಳು ತಡೀಲಿಲ್ಲ, ಬಾಗಲ ಹಿಡ್ಕೊಂಡು ಅಲ್ಲೇ ಅತ್ತೆ. ಆಮ್ಯಾಲ ಮೂಗು ಒರಿಸ್ಕೊಂಡು ಒಳಗ ಹೋಗಿ ಇನ್ನೊಂದ ತಾಟು ತಂದೆ.